ಎಡಗಾಲಿನ ಲೆಕ್ಕ

ಎರಡೇ ಸೀಟಿನ ಕಾರು ಇಟ್ಟುಕೊಂಡವನಿಗೆ ನೆಂಟರಿಷ್ಟರ ನಡುವೆ ಅಷ್ಟೇನೂ ಬೆಲೆಯಿಲ್ಲ. ಏರ್‌ಪೋರ್ಟಿಗೆ ಹೋಗಿ ಯಾರನ್ನಾದರೂ ಕರೆತರಬೇಕಾದರೆ ಅವನನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ಬಂದವರು ಹೇಗೋ ಕೂರುತ್ತಾರೆ, ಅವರ ಸೂಟ್‌ಕೇಸು ಹೊರಗೇ ಉಳಿಯುತ್ತದೆ. ಡಿಕ್ಕಿಯಲ್ಲಿ ಒಂದು ಸೋನಾ ಮಸೂರಿ ಚೀಲ ಇಟ್ಟರೆ ತರಕಾರಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಕಾರೆಂದರೆ ಸಂಸಾರ ಹಿಡಿಸಬೇಕು ಎಂಬುದು ನಮ್ಮವರ ಖಚಿತ ಅಭಿಪ್ರಾಯ. ಕ್ಯಾಲಿಫೋರ್ನಿಯಾಕ್ಕೆ ಬಂದು ಇಷ್ಟು ವರ್ಷವಾದರೂ ಆ ಅಭಿಪ್ರಾಯ ನಮ್ಮ ಜೊತೆಯಲ್ಲೇ ವಲಸೆ ಬಂದಿದೆ.

ನನ್ನದು 1991ರ ಮಜ್ಡಾ ಮಿಯಾಟಾ. ಮೈಸೂರಿನಲ್ಲಿರುವ ಅಪ್ಪನಿಗೆ ಫೋನ್ ಮಾಡಿ ‘ಮಜ್ಡಾ ತಗೊಂಡೆ’ ಅಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇರೋ ಕೆಲಸ ಬಿಟ್ಟು ಸ್ಕೂಲ್ ವ್ಯಾನ್ ಓಡಿಸ್ತೀಯೇನೋ?’ ಅಂದರು. ಅವರು ಹಾಗೆ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಕಡೆ ಮಜ್ಡಾ ಎಂದರೆ ಸ್ವರಾಜ್ ಮಜ್ಡಾ. ಹಿಂದೆ ಮಕ್ಕಳ ಬ್ಯಾಗು, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ತೂಗಿಸಿಕೊಂಡು ಬರುವ ಹಳದಿ ಬಂಡಿ. ಅದೇ ಹೆಸರಿನ ಕಂಪನಿ ಜಪಾನಿನಲ್ಲಿ ಟಾಪು ಮಡಚುವ ಪುಟ್ಟ ಕಾರನ್ನೂ ಮಾಡುತ್ತದೆ, ಅದರಲ್ಲಿ ಇಬ್ಬರೇ ಕೂರುವುದು ಎಂದು ವಿವರಿಸಿದೆ. ‘ಮಳೆ ಬಂದರೆ?’ ಎಂದರು. ಟಾಪು ಹಾಕಿಕೊಳ್ಳುತ್ತೇನೆ ಎಂದೆ. ‘ಹಾಕೋದೇ ಆದರೆ ತೆಗೆಯೋದು ಯಾಕೆ?’ ಎಂದರು. ಈ ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಈ ಕಾರು ಹುಟ್ಟಿದ್ದರ ಹಿಂದೆ ಒಬ್ಬ ಪತ್ರಕರ್ತನ ಬಾಯಿಮಾತಿದೆ. ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತ 1979ರಲ್ಲಿ ಮಜ್ಡಾದ ಕೆನಿಚಿ ಯಾಮಾಮೊಟೊ ಅವರನ್ನು ಕಂಡು, ಹಳೆಯ ಇಂಗ್ಲಿಷ್ ಕಾರುಗಳಂಥ ಹಗುರವಾದ, ಅಗ್ಗದ, ಟಾಪಿಲ್ಲದ ಕಾರೊಂದನ್ನು ನೀವು ಮಾಡಬೇಕು ಅಂದಿದ್ದ. ಮುಂದೆ ಅವನೇ ಮಜ್ಡಾಕ್ಕೆ ಸೇರಿದ. 1989ರ ಫೆಬ್ರವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಕಾರು ಹೊರಬಂತು. ತೂಕ ಒಂದು ಟನ್ನಿಗಿಂತ ಕಡಿಮೆ, 1.6 ಲೀಟರಿನ ಎಂಜಿನ್, 116 ಕುದುರೆ. 2016ರಲ್ಲಿ ಹತ್ತು ಲಕ್ಷದ ಕಾರು ಕಾರ್ಖಾನೆಯಿಂದ ಹೊರಟಿತು. ಪತ್ರಕರ್ತರ ಸಲಹೆ ಕೇಳಿ ಲಾಭ ಮಾಡಿದ ಕಂಪನಿ ಇದೊಂದೇ ಇರಬೇಕು.

ನನಗೆ ಮಾರಿದವನು ಅದಕ್ಕೆ ಒಂದು ಸೂಪರ್‌ಚಾರ್ಜರ್ ಕೂರಿಸಿದ್ದ. ಸೂಪರ್‌ಚಾರ್ಜರ್ ಎಂದರೆ ಎಂಜಿನ್ನಿಗೆ ಬಲವಂತವಾಗಿ ಗಾಳಿ ತುಂಬುವ ಯಂತ್ರ. ಈಟನ್ ಕಂಪನಿಯ ಎಂ45 ಎಂಬ ಪುಟ್ಟ ಮಾದರಿ ಅದು, ಒಂದು ಸುತ್ತಿಗೆ ಸುಮಾರು 740 ಸಿ.ಸಿ. ಗಾಳಿ ತಳ್ಳುತ್ತದೆ. ಒಳಗೆ ಎರಡು ರೋಟರುಗಳು ಒಂದಕ್ಕೊಂದು ಎದುರಾಗಿ ತಿರುಗುತ್ತವೆ. ಮೊದಲ ಸಲ ಬಿಚ್ಚಿದ್ದನ್ನು ನೋಡಿದವರಿಗೆ ಕಬ್ಬಿನ ಗಾಣ ನೆನಪಾಗುತ್ತದೆ. ಆದರೆ ಗಾಣದಲ್ಲಿ ಕಬ್ಬು ಎರಡು ಉರುಳೆಗಳ ನಡುವೆ ನುಗ್ಗಿ ಹಿಂಡಿಸಿಕೊಳ್ಳುತ್ತದೆ. ಇದರಲ್ಲಿ ಗಾಳಿ ನಡುವೆ ಹೋಗುವುದೇ ಇಲ್ಲ, ರೋಟರುಗಳ ಹೊರಮಗ್ಗುಲಿನಲ್ಲಿ ಪೆಟ್ಟಿಗೆಯ ಗೋಡೆಗೆ ಸವರಿಕೊಂಡು ಸುತ್ತಿ ಆಚೆ ಬರುತ್ತದೆ. ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್ ಎಂಬ ಊರಿನ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಅವರಿಗೆ ಉಣ್ಣೆ ಗಿರಣಿಯಿತ್ತು. ಗಿರಣಿಗೊಂದು ಒಳ್ಳೆಯ ನೀರಿನ ಚಕ್ರ ಮಾಡಲು ಹೊರಟವರ ಕೈಗೆ ಗಾಳಿ ಊದುವ ಯಂತ್ರ ಸಿಕ್ಕಿತು. ಅದು ಮೊದಲು ಕುಲುಮೆಗಳಿಗೆ ಹೋಯಿತು, ಕಾರಿಗೆ ಬಂದದ್ದು ಬಹಳ ತಡವಾಗಿ.

ನನ್ನ ಕಾರಿನದು ಸೌಮ್ಯ ಸ್ವಭಾವದ ಸೂಪರ್‌ಚಾರ್ಜರ್. ಸುತ್ತಲಿನ ವಾತಾವರಣದ ಒತ್ತಡ ಚದರ ಅಂಗುಲಕ್ಕೆ 14.7 ಪೌಂಡ್. ಅದರ ಮೇಲೆ ಇದು ಸೇರಿಸುವುದು 5 ಅಥವಾ 6 ಪೌಂಡ್, ಅಷ್ಟೇ. ಲೆಕ್ಕದಲ್ಲಿ ಗಾಳಿ ಶೇಕಡಾ 34ರಿಂದ 41ರಷ್ಟು ಹೆಚ್ಚಾಗಬೇಕು. ಒತ್ತಿದ ಗಾಳಿ ಬಿಸಿಯಾಗುವುದರಿಂದಲೂ ಯಂತ್ರವನ್ನು ತಿರುಗಿಸಲು ಎಂಜಿನ್ನೇ ಸ್ವಲ್ಪ ಶಕ್ತಿ ಕೊಡಬೇಕಾದ್ದರಿಂದಲೂ ಕೈಗೆ ಬರುವುದು ಅದಕ್ಕಿಂತ ಕಡಿಮೆ. ಆದರೂ ಹಗುರವಾದ ಕಾರಿಗೆ ಅಷ್ಟು ಬಂದರೆ ಸಾಕು. ಹೈವೇ 17ರಲ್ಲಿ ಲಾಸ್ ಗ್ಯಾಟೋಸಿನಿಂದ ಸಾಂತಾ ಕ್ರೂಜ಼್ ಕಡೆಗೆ ಬೆಟ್ಟ ಹತ್ತುವಾಗ ಬಾನೆಟ್ಟಿನ ಕೆಳಗಿನಿಂದ ಒಂದು ಸಣ್ಣ ಸಿಳ್ಳೆ ಹೊರಡುತ್ತದೆ. ಆ ಸಿಳ್ಳೆಗಾಗಿಯೇ ನಾನು ಸಮುದ್ರ ನೋಡುವ ನೆಪ ಹುಡುಕುತ್ತೇನೆ ಎಂಬುದು ಹೆಂಡತಿಯ ಆರೋಪ. ಸಮುದ್ರವೂ ಚೆನ್ನಾಗಿಯೇ ಇರುತ್ತದೆ.

ಅದೇ ಏರಿನಲ್ಲಿ ಒಂದು ಭಾನುವಾರ ಸಿಳ್ಳೆಯ ಜೊತೆಗೆ ಬೇರೆ ಸಂಗತಿಯೂ ಶುರುವಾಯಿತು. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಟ್ಯಾಕೋಮೀಟರಿನ ಮುಳ್ಳು 3,000ದಿಂದ 4,000ಕ್ಕೆ ಸರ್ರನೆ ಏರುತ್ತದೆ, ಕಾರು ಮಾತ್ರ ಇದ್ದ ವೇಗದಲ್ಲೇ ಇದೆ. ಜೊತೆಗೆ ಒಂದು ವಾಸನೆ. ಆಗುಂಬೆ ಘಾಟಿಯಲ್ಲಿ ಲೋಡು ಲಾರಿಯ ಹಿಂದೆ ಸಿಕ್ಕಿಕೊಂಡವರಿಗೆ ಆ ವಾಸನೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಊರಿನ ಮೆಕ್ಯಾನಿಕ್ ಆಗಿದ್ದರೆ ಬೀಡಿ ಆರಿಸುವಷ್ಟರಲ್ಲಿ ‘ಪ್ಲೇಟ್ ಹೋಗಿದೆ ಸಾರ್, ಗೇರ್ ಬಾಕ್ಸ್ ಇಳಿಸಬೇಕು’ ಎಂದು ತೀರ್ಪು ಕೊಟ್ಟುಬಿಡುತ್ತಿದ್ದ.

ಎಂಜಿನ್ನಿನ ಬಲವನ್ನು ಗೇರ್ ಬಾಕ್ಸಿಗೆ ದಾಟಿಸುವ ಕ್ಲಚ್ಚಿನ ಪ್ಲೇಟು ಹೋಗಿದೆ, ಹೊಸದು ಹಾಕಬೇಕು, ಇಷ್ಟರ ಬಗ್ಗೆ ತಕರಾರಿರಲಿಲ್ಲ. ಯಾವುದು ಹಾಕಬೇಕು ಎಂಬಲ್ಲಿ ಕಥೆ ಬೆಳೆಯಿತು. ಎಂಜಿನ್ ಕಾರ್ಖಾನೆಯಿಂದ ಬಂದ ಹಾಗೇ ಇದ್ದಿದ್ದರೆ ಕಂಪನಿಯ ಪ್ಲೇಟನ್ನೇ ತಂದು ಹಾಕಿ ಕೈತೊಳೆದುಕೊಳ್ಳಬಹುದಿತ್ತು. ರೇಸ್ ಕಾರಾಗಿದ್ದರೂ ಕಷ್ಟವಿರಲಿಲ್ಲ, ಇದ್ದುದರಲ್ಲಿ ಅತಿ ಗಟ್ಟಿಯಾದದ್ದನ್ನು ತಂದರಾಯಿತು. ನನ್ನದು ಎರಡರ ನಡುವೆ ನಿಂತ ಕಾರು. ಇಂಥ ಕಾರಿಗೆ ಏನು ಬೇಕು ಎಂದು ಕೇಳಿದರೆ ಎಲ್ಲರೂ ತಮ್ಮ ಕಾರಿಗೆ ಬೇಕಾದದ್ದನ್ನು ಹೇಳುತ್ತಾರೆ.

ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಮಾತು ಬಂತು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಒಬ್ಬರು, ‘ಹಾಕೋದು ಹಾಕ್ತೀರಿ, ಸ್ಟೇಜ್ ತ್ರೀನೇ ಹಾಕಿಬಿಡಿ. ನಾಳೆ ಟರ್ಬೋ ಹಾಕಬೇಕು ಅನ್ನಿಸಿದರೆ?’ ಅಂದರು. ಅವರ ಬಳಿ ಇರುವುದು ಆಟೋಮ್ಯಾಟಿಕ್ ಮಿನಿವ್ಯಾನ್. ಇನ್ನೊಬ್ಬರು ಎಲೆಕ್ಟ್ರಿಕ್ ಕಾರಿನವರು. ‘ಕ್ಲಚ್ಚಾ? ಇನ್ನೂ ಇದೆಯಾ ಅದು?’ ಎಂದು ಕರುಣೆಯಿಂದ ನೋಡಿದರು. ಮೈಸೂರಿನವರೇ ಆದ ಹಿರಿಯರೊಬ್ಬರು ಯೆಜ್ಡಿಯ ಕಾಲಕ್ಕೆ ಜಾರಿದರು. ಐಡಿಯಲ್ ಜಾವಾ ಕಾರ್ಖಾನೆಯ ಆ ಗಾಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ. ಗೇರ್ ಲಿವರನ್ನು ಒತ್ತಿದರೆ ಕ್ಲಚ್ಚು ತಾನೇ ಬಿಡುತ್ತಿತ್ತು. ‘ಕ್ಲಚ್ ವೈರ್ ಕಿತ್ತುಹೋದರೂ ಶ್ರೀರಂಗಪಟ್ಟಣದಿಂದ ಮನೆ ತನಕ ಬಂದಿದೀನಿ ಕಣ್ರೀ’ ಎಂದರು. ನನ್ನ ಸಮಸ್ಯೆಗೆ ಇದರಿಂದ ಏನೂ ಉಪಯೋಗವಾಗಲಿಲ್ಲ. ಆದರೆ ಅವತ್ತು ಕೇಳಿದ ಮಾತುಗಳಲ್ಲಿ ಅನುಭವದಿಂದ ಬಂದದ್ದು ಅದೊಂದೇ.

ಈ ‘ಸ್ಟೇಜ್’ ಎಂಬುದು ಬಿಡಿಭಾಗ ಮಾರುವವರು ಕಟ್ಟಿದ ಏಣಿ. ಒಂದು, ಎರಡು, ಮೂರು, ನಾಲ್ಕು ಎಂದು ಮೆಟ್ಟಿಲುಗಳಿರುತ್ತವೆ. ಒಬ್ಬ ತಯಾರಕನ ಎರಡು ಇನ್ನೊಬ್ಬನ ಮೂರಕ್ಕೆ ಸಮನಾಗಬಹುದು, ಇದಕ್ಕೆ ಯಾವ ಸರ್ಕಾರದ ಮಾನದಂಡವೂ ಇಲ್ಲ. ಒಂದನೆಯದೆಂದರೆ ಪ್ಲೇಟಿನ ಮುಖಕ್ಕೆ ಸಾಮಾನ್ಯ ಆರ್ಗ್ಯಾನಿಕ್ ಲೈನಿಂಗು, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಸ್ವಲ್ಪ ಬಿಗಿ. ಮೇಲೆ ಹತ್ತಿದ ಹಾಗೆ ಕೆವ್ಲಾರ್ ಬರುತ್ತದೆ. ಬಾಳಿಕೆ ಜಾಸ್ತಿ, ಪಳಗಲು ಬಹಳ ದಿನ ಬೇಕು, ಪಳಗುವ ಮುನ್ನ ಕಾಯಿಸಿದರೆ ಗಾಜಿನಷ್ಟು ನುಣುಪಾಗಿ ಕೂರುತ್ತದೆ. ಇನ್ನೂ ಮೇಲೆ ಹೋದರೆ ಪೂರ್ತಿ ವೃತ್ತದ ಲೈನಿಂಗೇ ಇಲ್ಲ, ಸಿರಾಮಿಕ್ಕಿನ ನಾಲ್ಕೋ ಆರೋ ಬಿಲ್ಲೆಗಳು. ಎಷ್ಟು ಕಾಯಿಸಿದರೂ ಅವು ಸೋಲುವುದಿಲ್ಲ. ಆದರೆ ಅವಕ್ಕೆ ಗೊತ್ತಿರುವುದು ಎರಡೇ ಸ್ಥಿತಿ, ಹಿಡಿಯುವುದು ಮತ್ತು ಬಿಡುವುದು. ನಡುವಿನ ಹಾಫ್ ಕ್ಲಚ್ ಎಂಬ ನಾಗರಿಕತೆ ಅವಕ್ಕಿಲ್ಲ. ಸಿಗ್ನಲ್ಲಿನಲ್ಲಿ ಹಸಿರು ಬಂದರೆ ಕಾರು ಗದಗದ ನಡುಗಿ ಮುಂದಕ್ಕೆ ಹಾರುತ್ತದೆ, ಇಲ್ಲವೇ ಆಫ್ ಆಗುತ್ತದೆ. ಹಿಂದಿನವರು ಹಾರ್ನ್ ಮಾಡುತ್ತಾರೆ.

ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿ ಬರುವುದು ಕುದುರೆಗಳ ಸಂಖ್ಯೆ. ಇಷ್ಟು ಹಾರ್ಸ್‌ಪವರ್ ತಡೆಯುತ್ತದೆ, ಅಷ್ಟು ತಡೆಯುತ್ತದೆ ಎಂದು. ಕ್ಲಚ್ಚಿಗೆ ಕುದುರೆ ಕಾಣುವುದಿಲ್ಲ, ಅದಕ್ಕೆ ಗೊತ್ತಾಗುವುದು ತಿರುಚುವ ಬಲ, ಅಂದರೆ ಟಾರ್ಕ್. ಎರಡು ಕಾರುಗಳಿವೆ, ಎರಡರದ್ದೂ 160 ಕುದುರೆ ಎಂದಿಟ್ಟುಕೊಳ್ಳಿ. ಒಂದು ಆ 160ನ್ನು ನಿಮಿಷಕ್ಕೆ 7,000 ಸುತ್ತಿನಲ್ಲಿ ಕೊಡುತ್ತದೆ. ಆಗ ಕ್ಲಚ್ಚಿನ ಮೇಲೆ ಬೀಳುವ ಟಾರ್ಕ್ 163 ನ್ಯೂಟನ್ ಮೀಟರ್. ಇನ್ನೊಂದು ಅದನ್ನೇ 5,000 ಸುತ್ತಿನಲ್ಲಿ ಕೊಟ್ಟರೆ 228. ಹೆಚ್ಚು ಸುತ್ತಿ ಕುದುರೆ ಗಳಿಸುವ ಎಂಜಿನ್ನಿಗೆ ಸಾಕಾದ ಕ್ಲಚ್ಚು, ಕೆಳಗಿನಿಂದಲೇ ದೂಡುವ ಎಂಜಿನ್ನಿನಲ್ಲಿ ಜಾರುತ್ತದೆ. ನನ್ನ ಕಾರಿನದರಂಥ ಸೂಪರ್‌ಚಾರ್ಜರ್ ಬೆಲ್ಟಿನಿಂದ ತಿರುಗುವುದರಿಂದ ಅದರ ಬಲ ತಳದಿಂದಲೇ ಸಿಗುತ್ತದೆ. ನನ್ನ ಎಂಜಿನ್ನು ಹುಟ್ಟಿದಾಗ ಅದರ ಟಾರ್ಕ್ 136, ಈಗ ಗಾಳಿ ತುಂಬಿದ ಮೇಲೆ 185ರ ಆಸುಪಾಸು. ಅಂಗಡಿಯವನು ಎಷ್ಟು ಕುದುರೆ ಎಂದು ಕೇಳಿದಾಗ ಟಾರ್ಕ್ ಹೇಳಿ ನೋಡಿ. ಅವನು ಮತ್ತೆ ಕುದುರೆ ಕೇಳಿದರೆ ಬೇರೆ ಅಂಗಡಿ ನೋಡಿ.

ಕ್ಲಚ್ಚು ಎಷ್ಟು ಟಾರ್ಕ್ ಹಿಡಿಯುತ್ತದೆ ಎಂಬುದರ ಲೆಕ್ಕ ಪಿ.ಯು.ಸಿ. ಭೌತಶಾಸ್ತ್ರಕ್ಕಿಂತ ಮೇಲೆ ಹೋಗುವುದಿಲ್ಲ. ಲೈನಿಂಗಿನ ಘರ್ಷಣೆ, ಪ್ರೆಶರ್ ಪ್ಲೇಟು ಒತ್ತುವ ಬಲ, ಪ್ಲೇಟಿನ ತ್ರಿಜ್ಯ, ಈ ಮೂರನ್ನೂ ಗುಣಿಸಿ, ಎರಡು ಮುಖಗಳಿರುವುದರಿಂದ ಮತ್ತೆ ಎರಡರಿಂದ ಗುಣಿಸಿದರೆ ಮುಗಿಯಿತು. ಹೆಚ್ಚು ಹಿಡಿತ ಬೇಕಾದರೆ ಈ ಮೂರರಲ್ಲಿ ಒಂದನ್ನು ಹೆಚ್ಚಿಸಬೇಕು. ಘರ್ಷಣೆ ಹೆಚ್ಚಿಸಿದರೆ ಮೃದುತ್ವ ಹೋಗುತ್ತದೆ. ಒತ್ತುವ ಬಲ ಹೆಚ್ಚಿಸಿದರೆ ಅದನ್ನು ಬಿಡಿಸಬೇಕಾದ ಎಡಗಾಲಿಗೆ ಪೆಟ್ಟು. ಪೆಡಲ್ ಒತ್ತಿದಾಗಲೆಲ್ಲ ಆ ಬಲ ರಿಲೀಸ್ ಬೇರಿಂಗಿನ ಮೂಲಕ ಕ್ರ್ಯಾಂಕ್‌ಶಾಫ್ಟಿನ ಥ್ರಸ್ಟ್ ಬೇರಿಂಗಿಗೂ ಹೋಗುತ್ತದೆ, ಅದು ಸವೆದರೆ ಎಂಜಿನ್ನಿನ ಹೊಟ್ಟೆಗೇ ಕೈ ಹಾಕಬೇಕು. ಉಳಿದದ್ದು ತ್ರಿಜ್ಯ. ಅದನ್ನು ಹೆಚ್ಚಿಸಿದರೆ ಯಾರಿಗೂ ನೋವಿಲ್ಲ, ಒಳಗೆ ಜಾಗ ಇರಬೇಕು ಅಷ್ಟೇ.

ಘರ್ಷಣೆಯ ವಿಷಯಕ್ಕೆ ಬಂದರೆ, ಹಿಂದಿನವರು ಇನ್ನೂ ದೊಡ್ಡ ಪಾಡು ಪಟ್ಟಿದ್ದಾರೆ. ಮೊದಮೊದಲ ಕಾರುಗಳಲ್ಲಿದ್ದದ್ದು ಕೋನಾಕಾರದ ಕ್ಲಚ್ಚು, ಅದಕ್ಕೆ ಸುತ್ತಿದ್ದು ಚರ್ಮ. ಚರ್ಮ ಒಣಗಿದರೆ ಕಾರು ಜಿಗಿಯುತ್ತಿತ್ತು, ಅದಕ್ಕೆ ಹರಳೆಣ್ಣೆ ಸವರಬೇಕು. ಎಣ್ಣೆ ಹೆಚ್ಚಾದರೆ ಜಾರುತ್ತಿತ್ತು, ಅದಕ್ಕೆ ಮುಲ್ತಾನಿ ಮಿಟ್ಟಿಯ ಥರದ ಜೇಡಿ ಪುಡಿ ಉದುರಿಸಬೇಕು. ಹರಳೆಣ್ಣೆಯ ಹಿಂದೆ ಮುಲ್ತಾನಿ ಮಿಟ್ಟಿ ಎಂದರೆ ನಮ್ಮ ಅಜ್ಜಿಗೆ ಕಾರಿಗೆ ಅಭ್ಯಂಜನ ಮಾಡಿಸುತ್ತಿದ್ದಾರೆ ಎಂದೇ ಅನ್ನಿಸುತ್ತಿತ್ತು. 1888ರಲ್ಲಿ ಬರ್ಥಾ ಬೆಂಜ್ ಗಂಡನಿಗೆ ಹೇಳದೆ ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ತವರಿಗೆ ಹೊರಟಾಗ, ದಾರಿಯಲ್ಲಿ ಬ್ರೇಕು ಸವೆದು ಚಮ್ಮಾರನೊಬ್ಬನ ಕೈಯಲ್ಲಿ ಅದಕ್ಕೆ ಚರ್ಮ ಹೊಡೆಸಿದಳು. ಘರ್ಷಣೆಯ ಲೈನಿಂಗಿನ ಮೊದಲ ರಿಪೇರಿ ಅದೇ ಇರಬಹುದು, ಮಾಡಿಸಿದ್ದು ಹೆಂಗಸು, ಮಾಡಿದ್ದು ಚಮ್ಮಾರ. ಎಂಜಿನಿಯರು ಮನೆಯಲ್ಲಿ ಮಲಗಿದ್ದ. ಆಮೇಲೆ 1897ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಇದನ್ನೇ ಉದ್ಯಮ ಮಾಡಿದ. ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲೂ ಕಾಣುವ ಫೆರೋಡೊ ಅವನು ಹುಟ್ಟುಹಾಕಿದ ಹೆಸರು.

ಎಡಗಾಲಿನ ಪರವಾಗಿ ವಾದ ಮಂಡಿಸಿದ್ದು ಮನೆಯಾಕೆ. ‘ರೀ, ನೀವು ಗಟ್ಟಿ ಕ್ಲಚ್ಚು ಹಾಕಿಸಿಕೊಂಡು ಬಂದರೆ ನಾನು ಆ ಕಾರು ಮುಟ್ಟಲ್ಲ’ ಎಂದಳು. ಅವಳೇ ಹೆಚ್ಚು ಓಡಿಸುವವಳು, ನನಗಿಂತ ನಯವಾಗಿ ಗೇರು ಹಾಕುವವಳೂ ಹೌದು. ಗೆಳತಿಯೊಬ್ಬಳು ಸ್ಯಾನ್ ಫ್ರಾನ್ಸಿಸ್ಕೋದ ರಷ್ಯನ್ ಹಿಲ್ಲಿನಲ್ಲಿದ್ದಾಳೆ. ಅಲ್ಲೇ ಹತ್ತಿರ ಫಿಲ್ಬರ್ಟ್ ಬೀದಿಯ ಒಂದು ತುಂಡಿದೆ, ಅದರ ಇಳಿಜಾರು ಶೇಕಡಾ 31.5. ಪುಣ್ಯಕ್ಕೆ ಅಲ್ಲಿ ಇಳಿಯಲು ಮಾತ್ರ ಅವಕಾಶ. ಅದರ ಅಕ್ಕಪಕ್ಕದ ಬೀದಿಗಳೂ ಕಡಿಮೆಯೇನಲ್ಲ, ಅಡ್ಡರಸ್ತೆಗೊಂದು ಸ್ಟಾಪ್ ಫಲಕ ಬೇರೆ. ಹಿಂದೆ ಒಂದು ಲಕ್ಷ ಡಾಲರಿನ ಕಾರು ಮೂತಿ ತಾಗಿಸಿಕೊಂಡು ನಿಂತಿರುವಾಗ, ಹ್ಯಾಂಡ್ ಬ್ರೇಕಿನ ಸಹಾಯದಿಂದ ಏರಿನಲ್ಲಿ ಕಾರನ್ನು ಹೊರಡಿಸುವವರಿಗೆ ಬೇಕಾದದ್ದು ಸಿರಾಮಿಕ್ ಬಿಲ್ಲೆಗಳಲ್ಲ. ರೇಸ್ ಟ್ರ್ಯಾಕಿನ ಕಾರು ದಿನಕ್ಕೆ ಒಂದೆರಡು ಸಲ ನಿಂತಲ್ಲಿಂದ ಹೊರಡುತ್ತದೆ. ನಮ್ಮದು ಆಫೀಸಿನಿಂದ ಮನೆಗೆ ಬರುವುದರೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು ಸಲ ನಿಂತು ಹೊರಡುತ್ತದೆ. ಕ್ಲಚ್ಚು ಸವೆಯುವುದು ಹೊರಡುವ ಆ ಕ್ಷಣಗಳಲ್ಲಿ. ಒಮ್ಮೆ ಕಚ್ಚಿಕೊಂಡ ಮೇಲೆ ಅದು ಸುಮ್ಮನೆ ಜೊತೆಗೆ ತಿರುಗುತ್ತದೆ.

ಇಷ್ಟೆಲ್ಲ ಆದ ಮೇಲೆ ಉತ್ತರ ಸಿಕ್ಕಿದ್ದು ಮಜ್ಡಾದ ಕಪಾಟಿನಲ್ಲೇ. 1994ರಲ್ಲಿ ಮಿಯಾಟಾಕ್ಕೆ 1.8 ಲೀಟರಿನ ಎಂಜಿನ್ ಬಂತು. 1.6ರ ಕ್ಲಚ್ ಪ್ಲೇಟಿನ ಅಗಲ 200 ಮಿಲಿಮೀಟರ್ ಇದ್ದರೆ, 1.8ರದ್ದು 215. ಮಜ್ಡಾದ ಎಂಜಿನಿಯರುಗಳು ಹೊಸದಾಗಿ ಎಲ್ಲವನ್ನೂ ಮಾಡಲು ಹೋಗಲಿಲ್ಲ. ಪ್ಲೇಟು ಕಚ್ಚಿಕೊಳ್ಳುವ ಚಕ್ರ, ಅಂದರೆ 1.8ರ ಫ್ಲೈವೀಲು, 1.6ರ ಕ್ರ್ಯಾಂಕಿಗೆ ಸರಿಯಾಗಿ ಕೂರುತ್ತದೆ, ಪ್ಲೇಟು ಅದೇ ಗೇರ್ ಬಾಕ್ಸಿನ ಹಲ್ಲಿಗೆ ಹೊಂದುತ್ತದೆ. ಫ್ಲೈವೀಲು, ಪ್ಲೇಟು, ಪ್ರೆಶರ್ ಪ್ಲೇಟು, ಮೂರನ್ನೂ ಒಟ್ಟಿಗೆ ತಮ್ಮನಿಂದ ತಂದು ಅಣ್ಣನಿಗೆ ಹಾಕಬೇಕು, ಒಂದನ್ನು ಬಿಟ್ಟರೆ ಆಗುವುದಿಲ್ಲ. ಅಗಲ ಹೆಚ್ಚಿದ್ದರಿಂದ ತ್ರಿಜ್ಯ ಹೆಚ್ಚಿತು, ಯಾರಿಗೂ ನೋವಿಲ್ಲದ ಆ ಮೂರನೆಯ ದಾರಿ. ಲೈನಿಂಗು ಸಾಧಾರಣ ಆರ್ಗ್ಯಾನಿಕ್, ನಡುವಿನ ಹಬ್ಬಿನಲ್ಲಿ ಸ್ಪ್ರಿಂಗುಗಳಿರುವುದು. ಪ್ರೆಶರ್ ಪ್ಲೇಟು ಮಾತ್ರ ಕಂಪನಿಯದಕ್ಕಿಂತ ಒಂದು ಎಳೆ ಬಿಗಿಯಾದದ್ದನ್ನು ಆರಿಸಿದೆ. ಸ್ಟೇಜ್ ತ್ರೀಯವರಿಗೆ ಇದನ್ನು ಹೇಳಿದಾಗ ಅವರು, ‘ಅಷ್ಟೇನಾ?’ ಎಂದರು.

ಹಗುರವಾದ ಅಲ್ಯುಮಿನಿಯಂ ಫ್ಲೈವೀಲು ಹಾಕಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಎಂಜಿನ್ ಬೇಗ ಏರುತ್ತದೆ, ನಿಜ. ಬೇಗ ಇಳಿದು ಆಫ್ ಕೂಡ ಆಗುತ್ತದೆ. ನಿಂತಾಗ ಗೇರ್ ಬಾಕ್ಸು ಗಡಗಡ ಅನ್ನುತ್ತದೆ. ಬೇಡ.

ಕೆಲಸ ಮಾಡಿದ್ದು ಸ್ಯಾನ್ ಹೋಸೆಯ ಒಬ್ಬ ಮುದುಕ ಮೆಕ್ಯಾನಿಕ್, ವಿಯೆಟ್ನಾಮಿನಿಂದ ಬಂದವನು. ಮಿಯಾಟಾದಲ್ಲಿ ಗೇರ್ ಬಾಕ್ಸನ್ನೂ ಹಿಂದಿನ ಡಿಫರೆನ್ಷಿಯಲ್ಲನ್ನೂ ಸೇರಿಸುವ ಉದ್ದನೆಯ ಅಲ್ಯುಮಿನಿಯಂ ತೊಲೆಯೊಂದಿದೆ, ಮೊದಲು ಅದು ಹೊರಗೆ ಬರಬೇಕು. ಆಮೇಲೆ ಸ್ಟಾರ್ಟರಿನ ಮೇಲಿನ ಬೋಲ್ಟು. ಅದನ್ನು ಕಣ್ಣಿನಿಂದ ನೋಡುವ ಹಾಗಿಲ್ಲ, ಬೆರಳಿನಿಂದಲೇ ಹುಡುಕಿ ಬಿಚ್ಚಬೇಕು. ಅವನು ಕಣ್ಣು ಮುಚ್ಚಿಕೊಂಡು, ಏನನ್ನೋ ಗುನುಗುತ್ತಾ ಬಿಚ್ಚಿದ. ಗೇರ್ ಬಾಕ್ಸ್ ಇಳಿಯಿತು. ಹಳೆಯ ಪ್ಲೇಟನ್ನು ನನ್ನ ಕೈಗೆ ಕೊಟ್ಟ. ಹೊಸದರಲ್ಲಿ ರಿವೆಟ್ಟಿನ ತಲೆಗಳು ಲೈನಿಂಗಿನ ಮೇಲ್ಮೈಯಿಂದ ಉಗುರು ಹುದುಗುವಷ್ಟು ಆಳದಲ್ಲಿರುತ್ತವೆ. ಇದರಲ್ಲಿ ಬೆರಳಾಡಿಸಿದರೆ ರಿವೆಟ್ಟು ಯಾವುದು, ಲೈನಿಂಗು ಯಾವುದು ತಿಳಿಯದಷ್ಟು ಸಮ. ಫ್ಲೈವೀಲಿನ ಮೇಲೆ ನವಿಲುಬಣ್ಣದ ನೀಲಿ ಮಚ್ಚೆಗಳು, ಅವುಗಳ ನಡುವೆ ಕೂದಲೆಳೆಯ ಬಿರುಕುಗಳು. ಶಾಖ ಎಲ್ಲೆಲ್ಲಿ ಕೂತಿತ್ತೆಂದು ನಕ್ಷೆ ಬರೆದಿಟ್ಟಿತ್ತು. ಮುದುಕ ಅದನ್ನು ಬೆಳಕಿಗೆ ಹಿಡಿದು, ‘ಸೂಪರ್‌ಚಾರ್ಜರ್ ಇಷ್ಟು ಮಾಡಲ್ಲ. ಬೆಟ್ಟ ಮಾಡಿದೆ’ ಎಂದ. ನಾನು ಸಮುದ್ರದ ಸೌಂದರ್ಯದ ಬಗ್ಗೆ ಎರಡು ಮಾತಾಡಿದೆ.

ಹೊಸ ಪ್ಲೇಟನ್ನು ನಡುವಿಗೆ ಸರಿಯಾಗಿ ಕೂರಿಸಲು ಡಬ್ಬದಲ್ಲೇ ಒಂದು ಪ್ಲಾಸ್ಟಿಕ್ ಕಡ್ಡಿ ಬರುತ್ತದೆ. ಅವನು ಅದನ್ನು ಪಕ್ಕಕ್ಕಿಟ್ಟು ತನ್ನ ಹತ್ತಿರವಿದ್ದ ಹಳೆಯ ಗೇರ್ ಬಾಕ್ಸಿನ ಉಕ್ಕಿನ ಶಾಫ್ಟನ್ನೇ ತೂರಿಸಿದ. ಪ್ಲೇಟಿನ ಮೇಲೆ ಫ್ಲೈವೀಲಿನ ಕಡೆ ಯಾವುದೆಂದು ಬರೆದಿರುತ್ತದೆ, ಅದನ್ನು ನನಗೆ ತೋರಿಸಿ ಓದಿಸಿದ. ಸಾಯಂಕಾಲಕ್ಕೆ ಕಾರು ಕೆಳಗಿಳಿಯಿತು. ಪೆಡಲು ಮೊದಲಿಗಿಂತ ತುಸು ಗಟ್ಟಿ. ಮನೆಯಾಕೆ ಒಂದು ಸುತ್ತು ಓಡಿಸಿ ಬಂದು, ‘ಪರವಾಗಿಲ್ಲ’ ಎಂದಳು. ಹೊಸ ಲೈನಿಂಗು ಪಳಗುವ ತನಕ, ಅಂದರೆ ಸುಮಾರು 800 ಕಿಲೋಮೀಟರ್, ಆಕ್ಸಿಲರೇಟರ್ ಪೂರ್ತಿ ಒತ್ತಬಾರದು, ಊರೊಳಗೇ ಓಡಿಸಬೇಕು ಎಂದು ಮುದುಕನ ಕಟ್ಟಳೆ. ಅಷ್ಟು ದಿನವೂ ಸಿಳ್ಳೆ ಕೇಳಲಿಲ್ಲ. ತರಕಾರಿ ತರಲು ಮಾತ್ರ ಕಾರು ಚೆನ್ನಾಗಿ ಉಪಯೋಗಕ್ಕೆ ಬಂತು.

ಇಂಥದೇ ಕಾರಿರುವವರಿಗೆ ಒಂದು ಮಾತು. ಪ್ಲೇಟಿನ ಬೆಲೆಗಿಂತ ಗೇರ್ ಬಾಕ್ಸ್ ಇಳಿಸಿ ಏರಿಸುವ ಕೂಲಿಯೇ ಹೆಚ್ಚು. ಆದ್ದರಿಂದ ಅದು ಕೆಳಗಿರುವಾಗಲೇ ರಿಲೀಸ್ ಬೇರಿಂಗು, ಪೈಲಟ್ ಬೇರಿಂಗು, ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲು, ಮೂರನ್ನೂ ಹೊಸದು ಹಾಕಿಸಿಬಿಡಿ. ಆ ಸೀಲು ಸೋರಿ ಎಣ್ಣೆ ತಾಗಿದರೆ ಯಾವ ಸ್ಟೇಜಿನ ಪ್ಲೇಟಾದರೂ ಜಾರುತ್ತದೆ. ಕ್ಲಚ್ಚಿನ ಸ್ಲೇವ್ ಸಿಲಿಂಡರನ್ನೂ ಒಮ್ಮೆ ನೋಡಿಸಿ. ಮಿಯಾಟಾದಲ್ಲಿ ಅದು ಸೋರದೆ ಬಹಳ ದಿನ ಇರುವುದಿಲ್ಲ.